ಕೊನೆಯ ಅಧ್ಯಾಯಕ್ಕೆ ಕೆಂಪು ಶಾಯಿ

ಮೂವತ್ತಾರು ವರ್ಷ ಒಂದೇ ಪತ್ರಿಕೆಯ ಆಫೀಸಿನಲ್ಲಿ, ಒಂದೇ ಕುರ್ಚಿಯ ಮೇಲೆ ಕೂತು, ಬೇರೆಯವರು ಬರೆದದ್ದನ್ನು ತಿದ್ದಿದ ಮನುಷ್ಯನನ್ನು ಜನ ಇನ್ನೇನೆಂದು ಕರೆದಾರು? ಕರೆಕ್ಷನ್ ಎಂದು ಕರೆದರು. ಪ್ರೂಫ್ ನೋಡುವುದು ಅವನ ಕೆಲಸ. ತೀರಿಕೊಂಡವರ ಫೋಟೋದ ಕೆಳಗೆ ಹುಟ್ಟುಹಬ್ಬದ ಹಾರೈಕೆ ಬೀಳದಂತೆ, ಹವಾಮಾನದ ವರದಿ ಅಡುಗೆಯ ಅಂಕಣದೊಳಗೆ ನುಗ್ಗದಂತೆ ಪಹರೆ ಕಾಯುವವನು. ಕಾದದ್ದಕ್ಕೆ ಯಾರೂ ಅವನ ಬೆನ್ನು ತಟ್ಟಲಿಲ್ಲ. ಪ್ರೂಫ್ ನೋಡುವವನ ಹಣೆಬರಹವೇ ಅಷ್ಟು. ತಪ್ಪು ಉಳಿದಾಗ ಮಾತ್ರ ಅಂಥವನೊಬ್ಬ ಬದುಕಿದ್ದಾನೆಂದು ಊರಿಗೆ ನೆನಪಾಗುತ್ತದೆ.

ನಿವೃತ್ತಿಯ ದಿನ ಸಂಪಾದಕರು ಗಾಜಿನ ಕಟ್ಟು ಹಾಕಿಸಿದ ಅಭಿನಂದನಾ ಪತ್ರವೊಂದನ್ನು ಅವನ ಕೈಗಿತ್ತರು. ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗಲೇ ಕರೆಕ್ಷನ್ ಅದರ ಮೇಲೆ ಕಣ್ಣಾಡಿಸಿದ, ಕಣ್ಣು ಕಿರಿದು ಮಾಡಿದ. ಕಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿ, ಹಿಂದಿನ ನಾಲ್ಕು ಮೊಳೆ ಬಿಚ್ಚಿ, ಕಾಗದ ಹೊರಗೆಳೆದು, ಮೂರನೇ ಸಾಲಿಗೆ ಕೆಂಪು ಪೆನ್ನು ಮುಟ್ಟಿಸಿ, ಮತ್ತೆ ಒಳಗೆ ಸೇರಿಸಿ, "ಈಗ ಫೋಟೋ ತೆಗೀರಿ" ಎಂದ. ಆ ಫೋಟೋದಲ್ಲಿ ಸಂಪಾದಕರೊಬ್ಬರನ್ನು ಬಿಟ್ಟು ಎಲ್ಲರೂ ನಗುತ್ತಿದ್ದಾರೆ. ಈ ಬರಹವೇ ಅವನ ಕೈಗೆ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಕಡೆ ಕೆಂಪಾಗಿರುತ್ತಿತ್ತು. ಆ ನಾಲ್ಕೂ ಕಡೆ ಅವನದೇ ಸರಿ ಇರುತ್ತಿತ್ತು ಎಂಬುದು ಬರೆಯುವವರ ಹೊಟ್ಟೆಯುರಿಗೆ ಕಾರಣ.

ಕೆಲಸಕ್ಕೆ ಸೇರಿದ ಮೊದಲ ವಾರ ಅವನ ಮೇಲಧಿಕಾರಿಯಾಗಿದ್ದ ಮುದುಕ ಎರಡೇ ಎರಡು ಪಾಠ ಹೇಳಿಕೊಟ್ಟಿದ್ದ. ಒಂದು: ಕಾಗದದ ಮೇಲೆ ಬರೆಯದ ತಿದ್ದುಪಡಿ ತಿದ್ದುಪಡಿಯೇ ಅಲ್ಲ, ತಲೆಯಲ್ಲಿಟ್ಟುಕೊಂಡು ತಿರುಗಬೇಡ. ಎರಡು: ಹೊಡೆದು ಹಾಕಿದ ಸಾಲಿನ ಮೇಲೆ ಒಂದೇ ಒಂದು ತೆಳ್ಳನೆ ಗೀಟು ಎಳೆ, ಕೆಳಗಿನ ಅಕ್ಷರ ಕಾಣಿಸಬೇಕು. "ನಾಳೆ ನಿಂದೇ ತಪ್ಪು ಅಂತಾದ್ರೆ ವಾಪಸ್ ಹೋಗೋಕೆ ದಾರಿ ಇರ್ಬೇಕಲ್ಲಯ್ಯಾ" ಎಂದಿದ್ದ ಮುದುಕ. ಕರೆಕ್ಷನ್ ಈ ಎರಡನ್ನೂ ಒಂದು ದಿನವೂ ಮೀರಿದವನಲ್ಲ. ಮೀರಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮದುವೆ ಎಂಬುದು ಅವನಿಗೆ ಆಗಿ ಬರಲಿಲ್ಲ. ಒಬ್ಬಳೇ ಅಕ್ಕ, ಅವನಿಗಿಂತ ಎಂಟು ವರ್ಷ ದೊಡ್ಡವಳು. ಹುಡುಗಿಯರ ಶಾಲೆಯಲ್ಲಿ ಗಣಿತ ಕಲಿಸಿ, ಕೊನೆಗೆ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ಅವಳು ಮೆಟ್ಟಿಲು ಹತ್ತುವ ಸದ್ದಿಗೆ ಮೂರನೇ ಮಹಡಿಯ ತರಗತಿಯೂ ತೆಪ್ಪಗಾಗುತ್ತಿತ್ತಂತೆ. ಗಂಡ ಬೇಗ ಹೋದ. ಆಮೇಲೆ ಕಣ್ಣೂ ಹೋದವು, ಮೊದಲು ಅಂಚಿನಿಂದ, ನಂತರ ನಡುವಿನಿಂದ. ಪೂರ್ತಿ ಕತ್ತಲಾದ ತಿಂಗಳು ಕರೆಕ್ಷನ್ ತನ್ನ ಬಾಡಿಗೆ ಕೋಣೆ ಬಿಟ್ಟು ಎರಡು ಪೆಟ್ಟಿಗೆ ಪುಸ್ತಕ, ಒಂದು ಪೆಟ್ಟಿಗೆ ಬಟ್ಟೆಯೊಂದಿಗೆ ಅಕ್ಕನ ಮನೆ ಸೇರಿದ. ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಕಿಟಕಿ ತೆರೆದರೆ ಕೆಳಗೆ ಬಸ್ ನಿಲ್ದಾಣ. ಕಿಟಕಿಯ ಪಕ್ಕ ಎದುರುಬದುರಾಗಿ ಎರಡು ಕುರ್ಚಿ. ನಡುವೆ ಒಂದು ದೀಪ, ಒಬ್ಬರಿಗೆ ಮಾತ್ರ ಬೇಕಾದದ್ದು.

ದಿನವೂ ಸಂಜೆ ಆರಕ್ಕೆ ಓದು. ಅದಕ್ಕೆ ಅಕ್ಕನ ಕಟ್ಟಳೆಗಳಿದ್ದವು.

"ನಾಟಕ ಆಡ್ಬೇಡ. ಅವರು ಅತ್ತರೆ ನೀನು ಅಳ್ಬೇಡ. ಪುಟದ ನಂಬರ್ ಹೇಳು. ಬೇಜಾರು ಅಂತ ಪ್ಯಾರಾ ಹಾರಿಸ್ಬೇಡ, ನಂಗೆ ಗೊತ್ತಾಗುತ್ತೆ."

"ಹೆಂಗೆ ಗೊತ್ತಾಗುತ್ತೆ?"

"ನಲವತ್ತು ವರ್ಷ ಹುಡುಗೀರ ಮುಖ ನೋಡ್ದೆನೇ ಬೆನ್ನು ಮಾಡ್ಕೊಂಡು ಬೋರ್ಡ್ ಮೇಲೆ ಬರೀತಾ ಅವರನ್ನ ಹಿಡೀತಿದ್ದೆ ಕಣೋ. ನೀನ್ಯಾವ ಮಹಾ?"

ಹೀಗೆ ನಾಲ್ಕು ವರ್ಷದಲ್ಲಿ ಇಬ್ಬರೂ ಸೇರಿ ನೂರಕ್ಕೂ ಮಿಕ್ಕಿ ಕಾದಂಬರಿ ಮುಗಿಸಿದ್ದರು. ಅವನ ಗಂಟಲು ಅವಳ ಕಣ್ಣಾಗಿತ್ತು. ಅವಳು ನಂಬುತ್ತಿದ್ದಳು, ನಂಬುತ್ತಿದ್ದೇನೆ ಎಂದು ಅವಳಿಗೂ ಗೊತ್ತಿರಲಿಲ್ಲ, ಅಷ್ಟು ಪೂರ್ತಿಯಾಗಿ ನಂಬುತ್ತಿದ್ದಳು.

ಅಕ್ಕನಿಗೆ ಒಬ್ಬಳೇ ಮಗಳು, ಗುಬ್ಬಿ. ಒಂಬತ್ತು ವರ್ಷದ ಹಿಂದೆ ಗುಬ್ಬಿ ಗಂಡನ ಮನೆಯಿಂದ ಒಂದು ಸೂಟ್‌ಕೇಸ್ ಹಿಡಿದು ಇದೇ ಮೆಟ್ಟಿಲು ಹತ್ತಿ ಬಂದಿದ್ದಳು. ನಾಲ್ಕು ದಿನ ಇದ್ದಳು. ಏನಾಯಿತೆಂದು ಅಕ್ಕ ಕೇಳಲಿಲ್ಲ, ಅವಳು ಹೇಳಲಿಲ್ಲ. ಐದನೇ ಬೆಳಿಗ್ಗೆ ಅಕ್ಕ ತಾನೇ ಅವಳ ಬಟ್ಟೆಗಳನ್ನು ಮಡಿಸಿ, ಮೂಲೆಗೆ ಮೂಲೆ ಕೂಡಿಸಿ, ಸೂಟ್‌ಕೇಸಿಗೆ ಜೋಡಿಸಿ ಬಾಗಿಲ ಬಳಿ ಇಟ್ಟಳು. "ಅರ್ಧಕ್ಕೇ ಬಿಟ್ಟು ಎದ್ದು ಬರೋದಲ್ಲ. ಹೋಗಿ ಸರಿ ಮಾಡ್ಕೊ" ಎಂದಳು. ಗುಬ್ಬಿ ಸೂಟ್‌ಕೇಸ್ ಎತ್ತಿಕೊಂಡು ಇಳಿದಳು. ಆದರೆ ಗಂಡನ ಮನೆಗೆ ಹೋಗಲಿಲ್ಲ. ದೂರದ ಊರೊಂದರ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಹಿಡಿದಳು. ಅಲ್ಲಿಂದೀಚೆಗೆ ತಾಯಿಗೆ ಒಂದು ಸಾಲಿಲ್ಲ, ಒಂದು ಮಾತಿಲ್ಲ. ಸೋದರಮಾವನಿಗೆ ಮಾತ್ರ ಒಮ್ಮೆ ಫೋನ್ ಮಾಡಿ ತನ್ನ ನಂಬರ್ ಬರೆಸಿದ್ದಳು: "ನಿಮಗೇನಾದ್ರೂ ಆದ್ರೆ ನಂಗೆ ಗೊತ್ತಾಗ್ಬೇಕಲ್ಲ ಮಾವ, ಅದಕ್ಕೆ."

ನಂಬರಿನ ಚೀಟಿಯನ್ನು ಅವನು ಆಗಲೇ ತಂದು ಅಕ್ಕನ ಮೇಜಿನ ಡ್ರಾಯರಿನಲ್ಲಿಟ್ಟಿದ್ದ. ಅಕ್ಕ ಒಂದೇ ಸಲ ಕೇಳಿದ್ದಳು. "ನಂಬರ್ ಇದೆಯೇನೋ?"

"ಇದೆ. ಹಚ್ಚಿ ಕೊಡ್ಲಾ?"

"ಬೇಡ. ಇರ್ಲಿ."

ಆ 'ಇರ್ಲಿ' ಅಷ್ಟು ವರ್ಷ ಡ್ರಾಯರಿನಲ್ಲೇ ಇತ್ತು.

ಹೀಗಿರುವಾಗ ಲೈಬ್ರರಿಯಮ್ಮ ಹಳದಿ ರಟ್ಟಿನ ಆ ಕಾದಂಬರಿ ತಂದುಕೊಟ್ಟರು. ಲೈಬ್ರರಿಯಮ್ಮ ಕೆಳಮನೆಯವರು, ಹಿಂದೊಮ್ಮೆ ಅಕ್ಕನ ವಿದ್ಯಾರ್ಥಿನಿ; ಐವತ್ತು ದಾಟಿದ್ದರೂ ಅಕ್ಕನ ಮುಂದೆ ಕೈ ಕಟ್ಟಿಕೊಂಡೇ ನಿಲ್ಲುವವರು. ಎರಡು ಮೂರು ವಾರಕ್ಕೊಮ್ಮೆ ಮಂಗಳವಾರ ಕೆಲಸ ಮುಗಿಸಿ ಬರುವಾಗ ಹಳೆಯ ಪುಸ್ತಕ ಒಯ್ದು ಹೊಸದು ಕೊಡುವುದು ಅವರ ಗುರುಕಾಣಿಕೆ.

"ಹೊಸದು ಮೇಡಂ. ಎಲ್ಲಾ ಇದನ್ನೇ ಕೇಳ್ತಿದ್ದಾರೆ. ಒಂದು ಮನೆ ಕಥೆ."

"ಮನೆ ಕಥೆ ಅಂದ್ರೆ? ಕೊನೇಲಿ ಎಲ್ಲಾ ಕೂತು ಊಟ ಮಾಡ್ತಾರಾ?"

"ನಾನಿನ್ನೂ ಓದಿಲ್ಲ ಮೇಡಂ."

"ಓದ್ದೇ ಹಂಚ್ತೀಯಾ? ಪರವಾಗಿಲ್ಲ, ಚೆನ್ನಾಗಿದೆ ನಿನ್ನ ಉದ್ಯೋಗ."

ಮುನ್ನೂರ ಹನ್ನೆರಡು ಪುಟ. ಲಾಂಡ್ರಿ ಅಂಗಡಿ ನಡೆಸುವ ಒಬ್ಬ ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಹದಿನಾಲ್ಕನೇ ವಯಸ್ಸಿನಿಂದ ಇಸ್ತ್ರಿಯ ಮುಂದೆ ನಿಂತು, ಕೈ ಸುಟ್ಟುಕೊಂಡು, ಅಂಗಡಿಯನ್ನು ಹೊತ್ತವಳು ಮಗಳು. ತಾಯಿ ಅಂಗಡಿಯನ್ನು ಬರೆದುಕೊಟ್ಟದ್ದು ಗಂಡುಮಕ್ಕಳಿಗೆ. ಮಗಳು ಮನೆ ಬಿಟ್ಟು ಹೋದಳು. ಹನ್ನೊಂದು ವರ್ಷವಾಯಿತು. ತಾಯಿ ಫೋನಿನ ಪಕ್ಕ ಕೂತಿದ್ದಾಳೆ, ಫೋನ್ ಮಾಡುವುದಿಲ್ಲ.

ಮೊದಲ ವಾರ ಅಕ್ಕನಿಗೆ ಅದು ಪುಸ್ತಕವಾಗಿತ್ತು. ಎಂದಿನಂತೆ ಪಾತ್ರಗಳಿಗೆ ಅಂಕ ಕೊಡುತ್ತಿದ್ದಳು. "ಆ ದೊಡ್ಡ ಮಗ ಇದಾನಲ್ಲ, ಮಾತಾಡೋವಾಗೆಲ್ಲಾ ಬಟ್ಟೆ ಮಡಿಸ್ತಾನೆ, ಗಮನಿಸಿದ್ಯಾ? ಕಳ್ಳ. ಹತ್ತಕ್ಕೆ ಎರಡು." ಚಿಕ್ಕ ಮಗನಿಗೆ ಮೂರು ಸಿಕ್ಕಿತು, ಅದೂ ಅವನು ಕಡಿಮೆ ಮಾತಾಡುವುದಕ್ಕೆ. "ಬರೆದವಳಿಗೆ ಇಸ್ತ್ರಿ ಮಾಡಿ ಗೊತ್ತು ಕಣೋ. ಕಾಲರಿನಿಂದ ಶುರು ಮಾಡ್ತಾಳೆ ನೋಡು. ಗೊತ್ತಿಲ್ಲದೋರು ಬೆನ್ನಿಂದ ಶುರು ಮಾಡಿಸ್ತಾರೆ."

ಎರಡನೇ ವಾರ ಅಂಕಗಳು ನಿಂತವು. ತಾಯಿಗೆ ಎಷ್ಟೆಂದು ಅವನು ಕೇಳಿದಾಗ ಅಕ್ಕ ಮುಂದೆ ಓದು ಎಂದಳು. ತಾಯಿ ಒಂದು ಕಡೆ ಮಗಳ ಹಳೆಯ ಏಪ್ರನ್ನನ್ನು ಒಗೆದು, ಇಸ್ತ್ರಿ ಮಾಡಿ, ಮಡಿಸಿ, ಮತ್ತೆ ಒಗೆಯಲು ಹಾಕುತ್ತಾಳೆ. ಅದನ್ನು ಓದಿದ ಸಂಜೆ ಅಕ್ಕ ಎದ್ದು ಗೋಡೆ ಹಿಡಿದು ಒಳಕೋಣೆಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ. ಬಂದು ಕೂತು ಹೇಳಿದಳು:

"ಇವಳು ಕೊನೇಲಿ ಫೋನ್ ಮಾಡ್ತಾಳೆ. ಮಗಳು ಬರ್ತಾಳೆ. ಬರ್ದೇ ಇದ್ರೆ ಇಷ್ಟು ಪುಟ ಯಾಕೆ ಬರೀಬೇಕಿತ್ತು?"

"ಇರ್ಬಹುದು."

"ಇರ್ಬಹುದು ಏನು, ಅಷ್ಟೇ. ಪುಟ ಎಷ್ಟು ಈಗ?"

"ಇನ್ನೂರ ಎಪ್ಪತ್ತು."

ಮರುದಿನ ಮಧ್ಯಾಹ್ನ ಅಕ್ಕ ಮಲಗಿದ್ದಾಗ ಕರೆಕ್ಷನ್ ಕೊನೆಯ ಅಧ್ಯಾಯ ಓದಿದ. ಮುಂದೆ ಓದಿಟ್ಟುಕೊಳ್ಳುವುದು ಅವನ ಕಸುಬಿನ ಅಭ್ಯಾಸ. ಗಂಟಲು ಎಲ್ಲೂ ತಡವರಿಸಬಾರದಲ್ಲ. ಹನ್ನೊಂದು ಪುಟ. ತಾಯಿ ಫೋನ್ ಮಾಡುತ್ತಾಳೆ. ಮಗಳು ಎತ್ತುತ್ತಾಳೆ. ಮಾತಾಡುವುದಿಲ್ಲ, ಕತ್ತರಿಸುವುದೂ ಇಲ್ಲ. ಫೋನನ್ನು ಮೇಜಿನ ಮೇಲಿಟ್ಟು ತನ್ನ ಇಸ್ತ್ರಿಗೆ ಮರಳುತ್ತಾಳೆ. ತಾಯಿ ಈ ಕಡೆ ಕಿವಿಗೊತ್ತಿ ಹಿಡಿದು ಕೂತಿದ್ದಾಳೆ. ಹಬೆಯ ಸುಯ್ಯೆನ್ನುವ ಸದ್ದು, ಬಟ್ಟೆ ಕೊಡವುವ ಸದ್ದು, ಮತ್ತೆ ಹಬೆ. ಕಾಲರು, ತೋಳು, ಬೆನ್ನು ಎಂದು ತಾಯಿ ಲೆಕ್ಕ ಹಾಕುತ್ತಾಳೆ. ಫೋನಿನ ಚಾರ್ಜು ಮುಗಿಯುತ್ತದೆ. ಕಾದಂಬರಿಯೂ ಅಷ್ಟೇ.

ಕರೆಕ್ಷನ್ ಪುಸ್ತಕ ಮುಚ್ಚಿ ಒಳಕೋಣೆಯ ಬಾಗಿಲ ಕಡೆ ನೋಡಿದ. ಅಲ್ಲಿ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಇದನ್ನು ಇವಳಿಗೆ ಓದುವುದೆಂದರೆ ಇವಳ ಕೈಯಾರೆ ಇವಳ ವಿರುದ್ಧದ ತೀರ್ಪಿಗೆ ರುಜು ಹಾಕಿಸಿದಂತೆ ಎನಿಸಿತು. ಬಾಯಲ್ಲೇ ಬೇರೆ ಏನಾದರೂ ಕಟ್ಟಿ ಹೇಳಿಬಿಡಬಹುದಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ಮಾಡುತ್ತಿದ್ದರು, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಆದರೆ ಕಾಗದದ ಮೇಲೆ ಬರೆಯದ ತಿದ್ದುಪಡಿ ತಿದ್ದುಪಡಿಯೇ ಅಲ್ಲ. ಅವನ ಕೈ ತಾನಾಗಿ ಜೇಬಿಗೆ ಹೋಗಿ ಕೆಂಪು ಪೆನ್ನು ತೆಗೆಯಿತು. ಲೈಬ್ರರಿ ಪುಸ್ತಕದ ಮೇಲೆ ಗೀಚುವವರ ಬೆರಳು ಕತ್ತರಿಸಬೇಕೆಂದು ಪತ್ರಿಕೆಗೆ ಪತ್ರ ಬರೆದಿದ್ದ ಮನುಷ್ಯ ಅವನು. 'ಇರಲಿ, ಅಂಗಡಿಯಿಂದ ಹೊಸ ಪ್ರತಿ ತರಿಸಿ ಲೈಬ್ರರಿಗೆ ಕೊಟ್ಟರಾಯಿತು' ಎಂದು ತನಗೆ ತಾನೇ ಜಾಮೀನು ನಿಂತ.

ನಾಲ್ಕು ಮಧ್ಯಾಹ್ನ ಹಿಡಿಯಿತು. ಸರಿಯಾದದ್ದನ್ನು ಗುರುತಿಸುವುದು ಬೇರೆ, ಬರೆಯುವುದು ಬೇರೆ ಎಂದು ಅರವತ್ತಮೂರನೇ ವಯಸ್ಸಿನಲ್ಲಿ ಅವನಿಗೆ ತಿಳಿಯಿತು. ಲಾಂಡ್ರಿಯ ಆ ಬಡಪಾಯಿ ಮಗಳು ಅವನ ಕೈಗೆ ಸಿಕ್ಕು ಸಂಪಾದಕೀಯದ ಹಾಗೆ ಮಾತಾಡತೊಡಗಿದಳು: "ಅಮ್ಮಾ, ಉಭಯ ಪಕ್ಷಗಳಿಂದಲೂ ಲೋಪಗಳಾಗಿವೆ." ಹೊಡೆದು ಹಾಕಿದ. "ಅಮ್ಮಾ, ಈ ದಿಶೆಯಲ್ಲಿ ನಾನು ಸಾಕಷ್ಟು ಚಿಂತಿಸಿದ್ದೇನೆ." ಹೊಡೆದು ಹಾಕಿದ. ತನ್ನ ತಿದ್ದುಪಡಿಯನ್ನೇ ತಿದ್ದಿ, ತಿದ್ದಿದ್ದನ್ನು ಮತ್ತೆ ತಿದ್ದಿ, ಅಂಚಿನಲ್ಲಿ ಜಾಗ ಸಾಲದೆ ಚೀಟಿಗಳನ್ನು ಅಂಟಿಸಿ, ಕೊನೆಗೆ ಮಗಳ ಬಾಯಲ್ಲಿ ಎರಡೇ ಪದ ಉಳಿಸಿದ: "ಅಮ್ಮಾ, ಬರ್ತೀನಿ." ಅವಳು ಬಂದಳು, ಏಪ್ರನ್ ಹಾಕಿಕೊಂಡಳು, ಇಬ್ಬರೂ ಸೇರಿ ಒಂದು ಚಾದರದ ನಾಲ್ಕು ತುದಿ ಹಿಡಿದು ಮಡಿಸಿದರು. ಚಾದರದ ಸಂಗತಿ ಬರೆದು ಅದನ್ನೇ ಮೂರು ಸಲ ಓದಿಕೊಂಡ. ಪರವಾಗಿಲ್ಲ, ಬರೆಯುವವರಿಗೆ ಇದೇ ಸುಖವಿರಬೇಕು ಅಂದುಕೊಂಡ. ಅದನ್ನು ಸುಖವೆಂದುಕೊಂಡ ಮೊದಲಿಗನೂ ಅವನಲ್ಲ, ಮೋಸ ಹೋದ ಮೊದಲಿಗನೂ ಅಲ್ಲ.

ಓದಿದ. ಸ್ವರ ಏರಿಸಲಿಲ್ಲ, ಇಳಿಸಲಿಲ್ಲ, ಪುಟದ ನಂಬರ್ ಹೇಳಿದ. ಮುನ್ನೂರ ಹನ್ನೆರಡು ಎಂದು ಹೇಳಿ ನಿಲ್ಲಿಸಿದ.

"ಚಾದರದ್ದು ಇನ್ನೊಂದು ಸಲ ಓದು."

ಓದಿದ.

"ಇಷ್ಟು ಹೊತ್ತೂ ಚಿಕ್ಕ ಚಿಕ್ಕದಾಗಿ ಬರೀತಿದ್ಲು. ಇಲ್ಲಿ ಸ್ವಲ್ಪ ಉದ್ದುದ್ದ ಮಾಡಿದಾಳೆ" ಎಂದಳು ಅಕ್ಕ. ಅವನು ಪುಸ್ತಕ ಮುಚ್ಚಿದ. "ಖುಷಿಗೆ ಇರ್ಬೇಕು" ಎಂದು ಅವಳೇ ಉತ್ತರವನ್ನೂ ಹೇಳಿಕೊಂಡಳು.

ಮರುದಿನ ಬೆಳಿಗ್ಗೆ ಟೀ ಲೋಟ ಕೆಳಗಿಟ್ಟು, ಇವತ್ತು ಹಾಲು ತರಬೇಕು ಎನ್ನುವಷ್ಟೇ ಸಲೀಸಾಗಿ ಅಕ್ಕ ಹೇಳಿದಳು: "ಲೋ, ಆ ನಂಬರ್ ತೆಗಿ."

ಆಗ ಹೇಳಿಬಿಡಬಹುದಿತ್ತು. ಒಂದು ವಾಕ್ಯ ಸಾಕಿತ್ತು. ಆದರೆ ಅಕ್ಕ ತಲೆ ಬಾಚಿಕೊಂಡಿದ್ದಳು. ಫೋನಿನಲ್ಲಿ ಮಾತಾಡಲು ತಲೆ ಬಾಚಿಕೊಂಡ ಕುರುಡಿಗೆ ಏನೆಂದು ಹೇಳುವುದು? ಜೊತೆಗೆ ಅವನೊಳಗೂ ಒಬ್ಬ ಮೂರ್ಖ ಕೂತಿದ್ದ. ಯಾರಿಗೆ ಗೊತ್ತು, ಗುಬ್ಬಿ ಬಂದರೂ ಬಂದಳು, ಎನ್ನುತ್ತಿದ್ದ ಆ ಮೂರ್ಖ. ಚೀಟಿ ತೆಗೆದು ನಂಬರ್ ಒತ್ತಿ ಫೋನನ್ನು ಅಕ್ಕನ ಕೈಗೆ ಕೊಟ್ಟ. ಸ್ಪೀಕರ್ ಹಾಕು ಎಂದು ಅವಳೇ ಹೇಳಿದಳು.

"ಹಲೋ, ಯಾರು?"

"ನಾನು."

ಆ ಕಡೆ ಗಾಜಿನ ಸಾಮಾನು ಇಟ್ಟ ಸದ್ದು. ಯಾರೋ ಏನೋ ಕೇಳಿದರು, ಒಂದು ನಿಮಿಷ ಎಂದು ಗುಬ್ಬಿ ಅವರಿಗೆ ಹೇಳಿದಳು. ಆಮೇಲೆ ಈ ಕಡೆಗೆ: "ಯಾವ ನಂಬರ್ ಬೇಕಿತ್ತು ನಿಮಗೆ?"

ತಾಯಿಯನ್ನು ಹುಟ್ಟಿದಾರಭ್ಯ 'ನೀನು' ಎಂದವಳು. ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು, ಅವನು ಒತ್ತುವಾಗ ಹೇಳಿಕೊಂಡಿದ್ದ ಅಂಕಿಗಳನ್ನು ಒಂದೊಂದಾಗಿ, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದಳು. ಒಂದೂ ತಪ್ಪಲಿಲ್ಲ.

"ನಂಬರ್ ಸರಿ ಇದೆ" ಎಂದಳು ಗುಬ್ಬಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. "ಆದ್ರೆ ನೀವು ಕೇಳ್ತಿರೋರು ಇಲ್ಲಿಲ್ಲ. ದಯವಿಟ್ಟು ಮತ್ತೆ ಮಾಡ್ಬೇಡಿ."

ಫೋನ್ ಕಟ್ಟಾದ ಮೇಲೂ ಅಕ್ಕ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ನಂತರ ಅವನತ್ತ ಚಾಚಿದಳು. ಅವನಿದ್ದ ಕಡೆಯಿಂದ ಒಂದು ಗೇಣು ಆಚೆಗೆ ಚಾಚಿದ್ದಳು. ಅವನೇ ಹೋಗಿ ತೆಗೆದುಕೊಂಡ.

ನಾಲ್ಕು ದಿನ ಆರು ಗಂಟೆ ಬಂದು ಸುಮ್ಮನೆ ಹೋಯಿತು. ಐದನೇ ದಿನ ಅಕ್ಕ ಕುರ್ಚಿಗೆ ಬಂದು ಕೂತಳು.

"ಕಾಗದ ತಗೊ. ಆ ಪುಸ್ತಕ ಬರೆದವಳಿಗೆ ನನ್ನ ಅಭಿಪ್ರಾಯ ತಿಳಿಸ್ಬೇಕು. ಹೇಳಿದ್ದನ್ನ ಬರಿ, ನಿನ್ನ ಜಾಣತನ ಬೇಡ."

ಬರೆದ. ಅಕ್ಕ ಹೇಳುತ್ತ ಹೋದಳು, ಎಲ್ಲೂ ನಿಲ್ಲದೆ, ಅಷ್ಟು ದಿನವೂ ಒಳಗೇ ಬರೆದಿಟ್ಟುಕೊಂಡವಳ ಹಾಗೆ:

"ಅಮ್ಮಾ, ನಿಮ್ಮ ಕಾದಂಬರಿಯ ಮುನ್ನೂರು ಪುಟ ನಾನು ಓದಿದ್ದರಲ್ಲೆಲ್ಲ ನಿಜವಾದದ್ದು. ಆ ತಾಯಿ ಕೆಟ್ಟವಳಲ್ಲ, ತಾನು ಸರಿ ಎಂದುಕೊಂಡವಳು. ಅಂಥವರನ್ನು ನೀವು ಹತ್ತಿರದಿಂದ ನೋಡಿದ್ದೀರಿ. ಏಪ್ರನ್ ಒಗೆಯುವ ಕಡೆ ನನಗೆ ಉಸಿರು ಹಿಡಿದುಕೊಂಡಿತು. ಆದರೆ ಕೊನೆಯಲ್ಲಿ ನೀವು ಸುಳ್ಳು ಹೇಳಿದಿರಿ. ದಣಿವಾಯಿತೋ, ಓದುವವರ ಚಪ್ಪಾಳೆ ಬೇಕಾಯಿತೋ ತಿಳಿಯದು. ಆ ಮಗಳು ಬರುವವಳಲ್ಲ. ಬರುತ್ತಾಳೆಂದು ನಂಬಿ ಎಲ್ಲಾದರೂ ಯಾರಾದರೂ ಒಬ್ಬ ತಾಯಿ ಫೋನ್ ಎತ್ತಿದರೆ ಅದರ ಹೊಣೆ ಯಾರದು? ಚಾದರ ಮಡಿಸಿದ್ದು ಬಹಳ ಅಗ್ಗವಾಯಿತು."

ಅಗ್ಗವಾಯಿತು ಎಂಬಲ್ಲಿ ಅವನ ಪೆನ್ನು ನಿಂತಿತು.

"ಬರೆದ್ಯಾ?"

"ಬರೆದೆ."

"ನಾಳೆ ಪೋಸ್ಟ್ ಮಾಡು."

ಜೀವನದಲ್ಲಿ ಮೊದಲ ಸಲ ಅವನು ಒಂದು ಬರಹವನ್ನು ಎಲ್ಲೂ ತಿದ್ದದೆ ಬಿಟ್ಟ. ಪೋಸ್ಟನ್ನೂ ಮಾಡಲಿಲ್ಲ. ಲಕೋಟೆಯಲ್ಲಿ ಹಾಕಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ತಿರುಗಿದ. ಪುಸ್ತಕದ ಅಂಗಡಿಯವನು ಹೊಸ ಪ್ರತಿ ಬರಲು ಇನ್ನೂ ವಾರ ಹಿಡಿಯುತ್ತದೆ ಎಂದಿದ್ದ. ಕೆಂಪಾದ ಪ್ರತಿಯನ್ನು ಕರೆಕ್ಷನ್ ತನ್ನ ಬಟ್ಟೆಗಳ ಅಡಿಯಲ್ಲಿ ಮುಚ್ಚಿಟ್ಟಿದ್ದ. ಆದರೆ ಅಕ್ಕನಿಗೆ ಕಣ್ಣಿರಲಿಲ್ಲವೇ ಹೊರತು ಕೈಯಿತ್ತು, ಮಂಗಳವಾರದ ಲೆಕ್ಕವಿತ್ತು. ಅವನು ಹಲ್ಲಿನ ಡಾಕ್ಟರ ಬಳಿ ಹೋಗಿದ್ದ ಹೊತ್ತಿಗೆ ಲೈಬ್ರರಿಯಮ್ಮ ಬಂದರು. ಅಕ್ಕ ಮನೆಯೆಲ್ಲ ತಡಕಿ, ಲೈಬ್ರರಿ ಚೀಟಿ ಅಂಟಿಸಿದ ಬೆನ್ನನ್ನು ಬೆರಳಿನಿಂದಲೇ ಗುರುತಿಸಿ, ಪುಸ್ತಕ ಕೊಟ್ಟು ಕಳಿಸಿದಳು. ಅಂಗಿಗಳ ನಡುವೆ ಪುಸ್ತಕ ಯಾಕಿತ್ತೆಂದು ಅವನನ್ನು ಕೇಳಿದ್ದು ಊಟದ ಹೊತ್ತಿಗೆ. "ಧೂಳು ಆಗದಿರಲಿ ಅಂತ" ಎಂದ. ಅರ್ಧ ಬಾಯಿ ಮರಗಟ್ಟಿದ್ದರಿಂದ ಸುಳ್ಳು ಕೂಡ ಸೊಟ್ಟಗೇ ಬಂತು.

ಎರಡು ದಿನ ಬಿಟ್ಟು ಅವನು ಅಡುಗೆಮನೆಯಲ್ಲಿ ಟೀಗೆ ನೀರಿಟ್ಟಿದ್ದಾಗ ಬಾಗಿಲು ಬಡಿದ ಸದ್ದಾಯಿತು.

"ಮೇಡಂ, ತಪ್ಪು ತಿಳ್ಕೋಬೇಡಿ" ಎಂಬ ಲೈಬ್ರರಿಯಮ್ಮನ ದನಿ ಕೇಳಿತು. "ಈ ಪುಸ್ತಕ ನಾನೇ ಓದೋಣ ಅಂತ ಇಟ್ಕೊಂಡೆ. ಕೊನೇ ಹನ್ನೊಂದು ಪುಟ ಪೂರ್ತಿ ಕೆಂಪು. ಚೀಟಿ ಬೇರೆ ಅಂಟಿಸಿದಾರೆ. ಬರೆದವರು ಬರೆದದ್ದನ್ನೆಲ್ಲಾ ಹೊಡೆದು ಹಾಕಿ ಬೇರೆ ಏನೇನೋ... ನಮ್ಮಲ್ಲಿ ಗೀಚೋರು ಇದಾರೆ ಮೇಡಂ, ಆದ್ರೆ ಇಷ್ಟು ಅಚ್ಚುಕಟ್ಟಾಗಿ ಗೀಚೋರು..."

"ಬೇರೆ ಏನು ಬರೆದಿದೆ?" ಎಂದಳು ಅಕ್ಕ.

"ಚಾದರ ಮಡಿಸೋದು. ತಾಯಿ, ಮಗಳು."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವನು ಆರಿಸಲಿಲ್ಲ.

"ಪುಸ್ತಕ ಇಲ್ಲೇ ಬಿಟ್ಟು ಹೋಗಮ್ಮ. ನಾಳೆ ಕಳಿಸ್ತೀನಿ."

ಮೆಟ್ಟಿಲು ಇಳಿದ ಸದ್ದು ನಿಂತ ಮೇಲೆ ಅಕ್ಕ ಕರೆದಳು, ಲೋ ಎನ್ನಲಿಲ್ಲ, ತಮ್ಮಾ ಎನ್ನಲಿಲ್ಲ. "ಬಾ ಇಲ್ಲಿ. ಕೂತ್ಕೊ. ಅಚ್ಚಾಗಿರೋದನ್ನ ಓದು."

"ಅಕ್ಕ, ನಾನು..."

"ಪುಟದ ನಂಬರಿಂದ ಶುರು ಮಾಡು."

ಮುನ್ನೂರ ಎರಡು ಎಂದು ಶುರು ಮಾಡಿದ. ಕೆಂಪು ಗೀಟಿನ ಕೆಳಗೆ ಒಂದು ಅಕ್ಷರವೂ ಮಸುಕಾಗಿರಲಿಲ್ಲ. ಆ ಮುದುಕ ಹೇಳಿಕೊಟ್ಟ ಹಾಗೆಯೇ ತೆಳ್ಳಗೆ ಎಳೆದಿದ್ದ. ತಾಯಿ ಫೋನ್ ಮಾಡಿದಳು. ಮಗಳು ಎತ್ತಿ ಮೇಜಿನ ಮೇಲಿಟ್ಟಳು. ಹಬೆ ಸುಯ್ಯೆಂದಿತು. ಕಾಲರು, ತೋಳು, ಬೆನ್ನು. ಚಾರ್ಜು ಮುಗಿಯಿತು. ಮುನ್ನೂರ ಹನ್ನೆರಡು.

"ಇಷ್ಟೇನಾ?"

"ಇಷ್ಟೇ."

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕೆಳಗೆ ಒಂದು ಬಸ್ಸು ಬಂತು, ಹೋಯಿತು.

"ಅವಳಿಗೆ ಗೊತ್ತಿತ್ತು" ಎಂದಳು ಕೊನೆಗೆ. "ಬರೆದವಳಿಗೆ. ನನಗೆ ಹೇಳೋಕೇ ಬರೆದಿದ್ಲು ಅನ್ಸುತ್ತೆ. ನೀನು ಅವತ್ತೇ ಇದನ್ನ ಓದಿದ್ದಿದ್ರೆ ನಾನು ಫೋನ್ ಮಾಡ್ತಿರ್ಲಿಲ್ಲ."

"ನಿಂಗೆ ನೋವಾಗ್ಬಾರ್ದು ಅಂತ..."

"ಒಂಬತ್ತು ವರ್ಷ ಆ ನಂಬರನ್ನ ಡ್ರಾಯರಿನಲ್ಲಿ ಇಟ್ಕೊಂಡಿದ್ದೆ ಕಣೋ. ನಾನು ಫೋನ್ ಮಾಡಿದ ದಿನ ಅವಳು ಬರ್ತಾಳೆ ಅಂತ. ಅದಕ್ಕೇ ಮಾಡ್ತಿರ್ಲಿಲ್ಲ. ಸಾಯೋವರೆಗೂ ಮಾಡ್ದೇ ಇದ್ದಿದ್ರೆ, ಸಾಯೋವರೆಗೂ ಅವಳು ಬರೋಳೇ ಆಗಿರ್ತಿದ್ಲು." ಅವಳ ದನಿ ಎಲ್ಲೂ ಏರಲಿಲ್ಲ. ಬೋರ್ಡಿನ ಮೇಲೆ ಒಂದೊಂದೇ ಮೆಟ್ಟಿಲು ಬಿಡಿಸಿ ತೋರಿಸುವ ಹಾಗೆ ಹೇಳಿದಳು. "ನಂಗೆ ಇದ್ದದ್ದು ಅದೊಂದೇ."

ವಾಪಸ್ ಹೋಗುವ ದಾರಿ ಪುಸ್ತಕದಲ್ಲಿ ಮಾತ್ರ ಇತ್ತು.

"ಆ ಕಾಗದ ಪೋಸ್ಟ್ ಮಾಡಿದ್ಯಾ?"

"ಇಲ್ಲ."

"ಅಷ್ಟರ ಮಟ್ಟಿಗೆ ಬದುಕಿದೆ. ಸುಮ್ಮನೆ ಬಯ್ದುಬಿಟ್ಟಿದ್ದೆ ಅವಳನ್ನ. ಬೇರೆ ಬರಿ." ಅವನು ಹಾಳೆ ತೆಗೆದ. "'ನಿಮ್ಮ ಪುಸ್ತಕ ಸರಿಯಾಗಿದೆ. ನಮ್ಮ ಮನೆಯಲ್ಲಿ ಓದಿದವನದು ತಪ್ಪು.' ಅಷ್ಟೇ. ಬರೆದ್ಯಾ?"

"ಬರೆದೆ."

"ಓದು."

ಓದಿದ.

ಅಕ್ಕ ಕೈ ಚಾಚಿ ಹಾಳೆ ಇಸಿದುಕೊಂಡಳು. ಅದರ ಮೇಲೆ ಬೆರಳಾಡಿಸಿದಳು, ಅಲ್ಲಿ ಏನಾದರೂ ಕೈಗೆ ಹತ್ತೀತೇ ಎಂಬಂತೆ. ನಾಲ್ಕಾಗಿ ಮಡಿಸಿ, ಮೂಲೆಗೆ ಮೂಲೆ ಕೂಡಿಸಿ, ಮಡಿಲಲ್ಲಿಟ್ಟುಕೊಂಡಳು. ಮರುದಿನ ಲೈಬ್ರರಿಯಮ್ಮ ಬಂದಾಗ ಅವನ ಎದುರಿಗೇ ಅದನ್ನು ಅವರ ಕೈಗೆ ಕೊಟ್ಟಳು.

"ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಮ್ಮ."

ಲೈಬ್ರರಿಯಮ್ಮ ಒಮ್ಮೆ ಅವನ ಮುಖ ನೋಡಿದರು, ಒಮ್ಮೆ ನೆಲ ನೋಡಿದರು, ಓದಿದರು. ಎರಡೇ ವಾಕ್ಯ.

"ಸರಿ. ನೀನೇ ಪೋಸ್ಟ್ ಮಾಡಿಬಿಡು" ಎಂದಳು ಅಕ್ಕ.

ಹೊಸ ಪ್ರತಿ ಬಂತು, ಲೈಬ್ರರಿ ಸೇರಿತು. ಕೆಂಪಾದದ್ದಕ್ಕೆ 'ರದ್ದು' ಎಂದು ಮುದ್ರೆಯೊತ್ತಿ ಲೈಬ್ರರಿಯಮ್ಮ ಅವನಿಗೇ ಮರಳಿಸಿದರು. ಅವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಅಂಗಿಗಳ ಅಡಿಯಲ್ಲೇ ಇಟ್ಟ. ಅಕ್ಕ ಕಾದಂಬರಿ ಬೇಡವೆಂದಳು. ಯಾವುದೂ ಬೇಡ. ಹಾಗಾದರೆ ಆರು ಗಂಟೆಗೆ ಏನು ಮಾಡುವುದು? ಎದುರುಬದುರು ಎರಡು ಕುರ್ಚಿ ಇದ್ದೇ ಇದ್ದವು, ಇಬ್ಬರಿಗೂ ಹೋಗಲು ಬೇರೆ ಮನೆಯಿರಲಿಲ್ಲ. ವಾರ ಕಳೆದ ಮೇಲೆ ಅಕ್ಕನೇ ಹೇಳಿದಳು: "ಪೇಪರ್ ಓದು. ಸುದ್ದಿ ಸಾಕು."

ಅವನು ಪೇಪರ್ ಬಿಡಿಸಿ ಮೊದಲ ಪುಟ ಓದಿದ. ರಸ್ತೆ ಅಗಲ ಮಾಡುವ ಸುದ್ದಿ, ಶಾಲೆಗಳ ಫಲಿತಾಂಶದ ಸುದ್ದಿ. ಅಕ್ಕ ಮೊದಲಿನ ಹಾಗೆ ಹೂಂ ಎನ್ನಲಿಲ್ಲ, ಅಂಕ ಕೊಡಲಿಲ್ಲ. ಪ್ರತಿ ಸುದ್ದಿ ಮುಗಿದಾಗಲೂ ತಲೆಯನ್ನು ಸ್ವಲ್ಪ ಓರೆ ಮಾಡಿ ಅವನ ಉಸಿರಿಗೆ ಕಿವಿಗೊಡುತ್ತಿದ್ದಳು. ತೀರಿಕೊಂಡವರ ಪುಟ ಬಂದಾಗ ಅವನು ಅದನ್ನು ಹಾರಿಸಲು ನೋಡಿದ, ಹಾರಿಸಿದರೆ ಅದೂ ತಿದ್ದಿದಂತೆಯೇ ಎಂದು ಹೆದರಿ ಎಲ್ಲರನ್ನೂ ಓದಿದ. ಮಕ್ಕಳು, ಮೊಮ್ಮಕ್ಕಳು, ಅಪಾರ ಬಂಧು ಬಳಗ. ಕೆಳಗೆ ಹವಾಮಾನವಿತ್ತು.

"ಸಂಜೆ ಮಳೆ ಸಾಧ್ಯತೆ ಇಲ್ಲ. ಆಕಾಶ ನಿರ್ಮಲ."

ಅಕ್ಕ ಎದ್ದಳು. ಕುರ್ಚಿಯ ತೋಳು ಹಿಡಿದು, ಗೋಡೆ ತಡವಿ, ಕಿಟಕಿಯ ಚಿಲಕ ಹುಡುಕಿ ತೆರೆದಳು. ಮೊಣಕೈವರೆಗೂ ಕೈಯನ್ನು ಹೊರಗೆ ಚಾಚಿ, ಅಂಗೈಯನ್ನು ಮೇಲೆ ಮಾಡಿ ಹಿಡಿದಳು.

ಅವನು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು, ಅವಳು ಕೈ ಒಳಗೆ ತೆಗೆದುಕೊಳ್ಳುವುದನ್ನು ಕಾಯುತ್ತ ಕೂತ.